ಹಂಚು

ಇಬ್ಬರಿಗೆ ಅಂತಲೇ ಹೇಳಿದ್ದೆ ಫೋನಿನಲ್ಲಿ.
ಕೂರಿಸಿದ್ದು ಎಂಟು ಕುರ್ಚಿಯ ಮೇಜಿಗೆ.
ಮೇಜೇನು, ನಡುವೆಲ್ಲ ಕಬ್ಬಿಣದ ಹಂಚು,
ಇಪ್ಪತ್ತು ರೊಟ್ಟಿ ಒಮ್ಮೆಲೇ ಹಿಡಿಸುವಂಥದು,
ಕೆಳಗೆ ಕಾಣದ ಒಲೆ.

ಬಾಗಿಲಾಚೆ ಡೀ ವೈ ಕಡಲಿನ ಉಪ್ಪುಗಾಳಿ.
ಒಳಗೆ ಆ ತುದಿಗೆ ಕಾಗದದ ಕಿರೀಟ ತೊಟ್ಟ ಹುಡುಗ,
ಇವತ್ತಿಗೆ ಒಂಬತ್ತು ತುಂಬಿದವನು.
ಅವನ ಅಪ್ಪ, ಅವನ ಅಮ್ಮ,
ಅಮ್ಮನ ಹೊಸ ಗೆಳೆಯ, ಇಬ್ಬರು ಅಜ್ಜಿಯರು.
ಈ ತುದಿಗೆ ನಾನು, ತಂಗಿ ನೀಲಾಂಬಿಕೆ,
ಅವಳ ಫೋನಿನೊಳಗೆ
ಮಧ್ಯಾಹ್ನ ಕೋರ್ಟಿನಿಂದ ಬಂದ ಎರಡು ಪುಟ.

ಬಂದವನ ಎದೆಯ ಮೇಲೆ ‘ಕೆನ್’ ಎಂಬ ಬಿಲ್ಲೆ,
ಉದ್ದನೆಯ ಕೆಂಪು ಟೋಪಿ, ಎರಡು ಮಗುಚುಕೈ.
ಎಣ್ಣೆ ಸುರಿದ, ಎಣ್ಣೆಯಲ್ಲೇ ನಗುವ ಮುಖ ಬರೆದ,
ಈರುಳ್ಳಿ ಬಳೆಗಳನ್ನು ಒಂದರ ಮೇಲೊಂದು ಏರಿಸಿ
ತುದಿಯಲ್ಲಿ ಬೆಂಕಿ ಎಬ್ಬಿಸಿದ.
ಹುಡುಗ ಕಿರುಚಿದ.
ಅಜ್ಜಿಯೊಬ್ಬಳು ಹುಬ್ಬು ಮುಟ್ಟಿ ನೋಡಿಕೊಂಡಳು.

ನಾವು ಮಾತಾಡುತ್ತಿದ್ದೆವು, ನಮ್ಮ ಮಾತಿನಲ್ಲಿ,
ಕೋಣೆಯ ಅಗಳಿ ಹಾಕಿ ಕೂತವರ ಹಾಗೆ.
ಇಪ್ಪತ್ತು ವರ್ಷದ ಚಾಳಿ ಇದು:
ಬಸ್ಸಲ್ಲಿ, ಲಿಫ್ಟಲ್ಲಿ, ಬ್ಯಾಂಕಿನ ಸಾಲಲ್ಲಿ
ಯಾರ ಎದುರಿಗೂ ಯಾರನ್ನೂ ಆಡಿಕೊಳ್ಳಬಹುದು.

‘ಮಿಕ್ಸರ್ ಸುದ್ದಾ ಒಯ್ದಾನ,’ ಅಂದಳು ನೀಲಾ.
‘ಜಾರ್ ಅಷ್ಟ ಬಿಟ್ಟಾನ. ಮೂರು.
ಏನ್ ಮಾಡ್ಲಿ ಅದರಾಗ, ನೀರು ಕುಡೀಲಿ?’
‘ನಕ್ಕೋತ ಹೇಳಬ್ಯಾಡ.’
‘ಅಳಕೋತ ಹೇಳಿ ಹೇಳಿ ಸಾಕಾತು.’

ಹನ್ನೊಂದು ವರ್ಷ.
ಅತ್ತೆಯ ಗುಳಿಗೆಗಳ ಲೆಕ್ಕ,
ಹಾವೇರಿಗೆ ಇನ್ನೂ ತಿಳಿಸದ ಸುದ್ದಿ,
ಯಾವ ರಾತ್ರಿ ಯಾವ ಬಾಗಿಲಿಗೆ
ಒಳಗಿನಿಂದ ಚಿಲಕ ಹಾಕಿಕೊಂಡಳೆಂಬುದು.
ನನಗೂ ಅವತ್ತೇ ಮೊದಲು ಹೇಳಿದ್ದು,
ಆ ಕಾವಿನೆದುರು, ಸೀಗಡಿ ಚುರುಗುಡುವಾಗ.

ನಾನೋ, ಮಾತು ತಿರುಗಿಸಲು,
ಆ ತುದಿಯವರನ್ನು ಕಣ್ಣಲ್ಲೇ ತೋರಿಸಿದೆ:
‘ಹಳೇ ಗಂಡ, ಹೊಸಾಂವ, ಒಂದ ಹಂಚಿಗೆ ಕುಂತಾರ.
ಹೆಂಗರ ಗಂಟಲಾಗ ಇಳೀತೈತೋ!’
‘ಹಂಚಿಗೇನ್ ಗೊತ್ತಕ್ಕಾ,
ಯಾವ ಅಂಚು ಯಾರದಂತ.’

‘ಸೀಗಡಿ ಎಣ್ಣಿ ನಮ್ಮ ಕಡೆ ಹರಿಯಾಕ್ಹತ್ತೇತಿ,’ ಅಂದೆ,
ಅವಳಿಗೆ ಮಾತ್ರ.
ಸ್ವಲ್ಪ ಹೊತ್ತಿಗೆ ನಡುವೆ ಒಂದು ಗೆರೆ ಎದ್ದಿತ್ತು,
ಅನ್ನದ್ದು, ಬೆರಳಗಲ.
ಗೆರೆಯ ಈಚೆ ನಮ್ಮ ತೋಫು, ನಮ್ಮ ಬದನೆಕಾಯಿ,
ಬೇರೆ ಮಗುಚುಕೈ, ಒರೆಸಿದ ಕತ್ತಿ.
ಆಗಲಾದರೂ ಅನುಮಾನ ಬರಬೇಕಿತ್ತು ನನಗೆ.

ಆಮೇಲೆ ತುಂಡು ಹಾರಿಸುವ ಆಟ.
ಹುಡುಗ ಬಾಯಲ್ಲೇ ಹಿಡಿದ.
ಅಪ್ಪನಿಗೆ ಕೆನ್ನೆ, ಗೆಳೆಯನಿಗೆ ಕಾಲರು.
ಇಬ್ಬರೂ ಒಂದೇ ಟಿಶ್ಯೂ ಪೆಟ್ಟಿಗೆಗೆ ಕೈ ಹಾಕಿದರು.
ನೀಲಾಳ ಸರದಿಗೆ ಹೂಕೋಸು.
ಹಲ್ಲಿನ ಡಾಕ್ಟರ ಎದುರು ಕೂತಂತೆ
ಕಣ್ಣು ಬಿಗಿಯಾಗಿ ಮುಚ್ಚಿ ಬಾಯಿ ತೆರೆದಳು.
ಮೊದಲನೆಯದು ಮೂಗಿಗೆ,
ಎರಡನೆಯದು ಗದ್ದಕ್ಕೆ.

‘ಕಣ್ ತಗೀರಿ ಅಕ್ಕಾರ,’ ಅಂದ.
‘ಕಣ್ ಮುಚ್ಚಿದ್ರ ಹೆಂಗ ಸಿಗ್ತೈತಿ?’

ಹಂಚು ಮಾತ್ರ ಚುರುಗುಡುತ್ತಿತ್ತು.
ನಲವತ್ತು ನಿಮಿಷ ಆಡಿದ್ದೆಲ್ಲ
ಒಂದೊಂದಾಗಿ ವಾಪಸು ಬಂದು
ನನ್ನ ಕಿವಿಯ ತುದಿಗೆ ಸುಟ್ಟಿತು.

‘ಮುಂಡಗೋಡರಿ, ಆರನೇ ಕ್ಯಾಂಪ್.
ಧೊಂಡುಪ್ ನನ್ನ ಹೆಸರು. ಕೆನ್ ಅಂದ್ರ ಇವರಿಗೆ ಸಲೀಸು.
ನಮ್ಮವ್ವ ಹುಬ್ಬಳ್ಳ್ಯಾಗ ಸ್ವೆಟರ್ ಮಾರತಿದ್ಳು,
ಚಳಿಗಾಲದಾಗ, ಬಸ್ ಸ್ಟ್ಯಾಂಡ್ ಬಾಜೂಕ.’

‘ಎಲ್ಲಾ ಕೇಳಿಸ್ತೇನು?’ ನೀಲಾಳ ದನಿ ಸಣ್ಣದು.
ಅವನು ಹಂಚು ಕೆರೆಯುತ್ತಿದ್ದ, ತಲೆ ಎತ್ತಲಿಲ್ಲ.
‘ಇಲ್ಲಿ ಸಪ್ಪಳ ಭಾಳ ರಿ.
ಏನೂ ಕೇಳಸೂದಿಲ್ಲ.’

ಮೂರನೆಯದನ್ನು ಅವಳು ಹಿಡಿದಳು,
ಕಣ್ಣು ಬಿಟ್ಟು.
ಬಿಸಿಗೆ ನಾಲಿಗೆ ಹೊರಳಿಸುತ್ತ, ಗಾಳಿ ಎಳೆಯುತ್ತ,
ಕಣ್ಣಲ್ಲಿ ನೀರು. ಬಿಸಿಯದೇ ಇರಬೇಕು.
ಆ ತುದಿಯ ಆರೂ ಜನ ಚಪ್ಪಾಳೆ ತಟ್ಟಿದರು,
ಕಿರೀಟದ ಹುಡುಗ ಎಲ್ಲರಿಗಿಂತ ಜೋರಾಗಿ.

ಉಳಿದ ಅನ್ನ ಡಬ್ಬಿಗೆ ತುಂಬಿ ಕೊಟ್ಟ.
ಗೆರೆಯನ್ನೂ ಕೆರೆದು ಅದರಲ್ಲೇ ಹಾಕಿದ್ದ,
ನಮ್ಮ ಕಡೆಯ ಅರ್ಧವನ್ನು ಮಾತ್ರ.
ಬಾಗಿಲವರೆಗೆ ಬಂದು, ಟೋಪಿ ತೆಗೆದು,
ಯಾರಿಗೂ ಕೇಳಬಾರದೆಂಬಂತೆ ಬಗ್ಗಿ ಕೇಳಿದ:

‘ಆ ಜಾರು...
ಯಾವ ಕಂಪನೀವ್ರಿ?’